ಹನ್ನೆರಡು ಮಂದಿಯಲ್ಲಿ ನಾವೂ ಒಬ್ಬರು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಮಾನವಂತರು ನ್ಯಾಯಾಲಯದ ಮೆಟ್ಟಿಲು ಹತ್ತಬಾರದೆಂಬುದು ಕರಾವಳಿಯ ನಮ್ಮ ಹಿರಿಯರ ಖಚಿತ ಅಭಿಪ್ರಾಯವಾಗಿತ್ತು. ಆದುದರಿಂದ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನೆಲೆಸಿ, ಅಲ್ಲಿಯ ಪೌರತ್ವ ಪಡೆದ ಮರುವರ್ಷವೇ ನ್ಯಾಯಾಲಯದ ಮುದ್ರೆ ಹೊತ್ತ ಲಕೋಟೆಯೊಂದು ನಮ್ಮ ಹೆಸರಿಗೆ ಬಂದಾಗ ಮನೆಯಲ್ಲಿ ಉಂಟಾದ ಗಾಬರಿ ಅಷ್ಟಿಷ್ಟಲ್ಲ. ಒಡೆದು ನೋಡಿದರೆ ಅದು ಆರೋಪಪತ್ರವಲ್ಲ, ಕರೆಯೋಲೆ. ಇಂಥ ದಿನ, ಇಂಥ ಹೊತ್ತಿಗೆ ಜ್ಯೂರಿ ಸೇವೆಗಾಗಿ ಹಾಜರಾಗತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

ಹದಿನೆಂಟು ತುಂಬಿದ, ಇಂಗ್ಲಿಷ್ ಬಲ್ಲ ಪ್ರತಿಯೊಬ್ಬ ಪೌರನಿಗೂ ಇಂತಹ ಕರೆ ಬರಬಹುದು. ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಿಗೆಯ ಪಟ್ಟಿ ಮುಂತಾದವುಗಳಿಂದ ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸುತ್ತಾರೆ. ಕರೆಯನ್ನು ಕಡೆಗಣಿಸಿದರೆ ದಂಡ ಉಂಟು. ಭತ್ಯೆಯೋ, ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್ ಮಾತ್ರ; ಆ ಊರಿನಲ್ಲಿ ಅದು ಒಂದು ಊಟದ ಬೆಲೆ. ಹೀಗಾಗಿ ನುಣುಚಿಕೊಳ್ಳುವ ಉಪಾಯಗಳನ್ನು ಹೇಳಿಕೊಡುವ ಹಿತೈಷಿಗಳಿಗೆ ಕೊರತೆಯಿಲ್ಲ. "ಇಂಗ್ಲಿಷ್ ಸರಿಯಾಗಿ ಬಾರದೆನ್ನಿ" ಎಂದರು ಒಬ್ಬರು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿಯೇ ಅನ್ನ ಸಂಪಾದಿಸಿ, ಪ್ರಮಾಣ ಮಾಡಿ ಸುಳ್ಳಾಡುವುದು ನಮ್ಮಿಂದಾಗಲಿಲ್ಲ. ಹೊರಟೆವು.

ದಿವ್ಯದಿಂದ ಜ್ಯೂರಿಗೆ

ಈ ಪದ್ಧತಿಯ ಹುಟ್ಟಿನಲ್ಲಿ ನಮ್ಮ ಧರ್ಮಸಭೆಗೂ ಒಂದು ಪಾಲಿದೆ ಎಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಅರಿತಿರಲಾರರು. ಹಿಂದೆ ಯುರೋಪಿನಲ್ಲಿ ಆರೋಪಿಯ ಕೈಯಲ್ಲಿ ಕಾದ ಕಬ್ಬಿಣವನ್ನು ಹಿಡಿಸಿ, ಅಥವಾ ಅವನನ್ನು ನೀರಿಗಿಳಿಸಿ, ತಪ್ಪೊಪ್ಪುಗಳನ್ನು ನಿರ್ಣಯಿಸುತ್ತಿದ್ದರು. ನಮ್ಮ ಪ್ರಾಚೀನರು 'ದಿವ್ಯ'ವೆಂದು ಕರೆದ ಪರೀಕ್ಷೆಯಂತೆಯೇ ಇದು. ಆ ಬೆಂಕಿಯನ್ನೂ ನೀರನ್ನೂ ಆಶೀರ್ವದಿಸುವ ಹೊಣೆ ಧರ್ಮಗುರುಗಳದಾಗಿತ್ತು. 1215ರಲ್ಲಿ ಮೂರನೆಯ ಇನ್ನೊಸೆಂಟ್ ಜಗದ್ಗುರುಗಳು ಕರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಗುರುಗಳು ಇಂತಹ ಪರೀಕ್ಷೆಗಳನ್ನು ಆಶೀರ್ವದಿಸಕೂಡದೆಂದು ವಿಧಿಸಿತು. ದೈವಸಾಕ್ಷಿ ತಪ್ಪಿದ ಮೇಲೆ ಇಂಗ್ಲೆಂಡಿನ ನ್ಯಾಯಾಧೀಶರು ನೆರೆಹೊರೆಯ ಹನ್ನೆರಡು ಮಂದಿಯ ಮಾತಿಗೆ ಮೊರೆಹೋದರು. ದೇವರ ಮೇಲೆ ಹೊರಿಸಿದ್ದ ಭಾರ ಮನುಷ್ಯರ ಹೆಗಲಿಗೆ ಬಂತು.

ಆ ಹನ್ನೆರಡು ಮಂದಿಗೆ ಸ್ವಾತಂತ್ರ್ಯವೇನೂ ಒಡನೆಯೇ ಒದಗಲಿಲ್ಲ. 1670ರಲ್ಲಿ ಲಂಡನಿನಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಎಂಬವರನ್ನು ಅಪರಾಧಿಗಳೆಂದು ಹೇಳಲೊಪ್ಪದ ಜ್ಯೂರಿಯನ್ನು ಅನ್ನನೀರಿಲ್ಲದೆ ಕೂಡಿಹಾಕಿ, ಬಳಿಕ ದಂಡ ವಿಧಿಸಲಾಯಿತು. ಎಡ್ವರ್ಡ್ ಬುಶೆಲ್ ಎಂಬ ಜ್ಯೂರಿ ಸದಸ್ಯ ದಂಡ ತೆರಲೊಪ್ಪದೆ ಸೆರೆಮನೆ ಸೇರಿದ. ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸಲಾಗದೆಂಬ ನಿಯಮ ಅವನ ಮೊಕದ್ದಮೆಯಿಂದಲೇ ಗಟ್ಟಿಯಾಯಿತು.

ಬ್ರಿಟಿಷರೊಡನೆ ಜ್ಯೂರಿ ಭಾರತಕ್ಕೂ ಬಂತು. ಆದರೆ ಇಲ್ಲಿ ಬೇರೂರಲಿಲ್ಲ. 1958ರಲ್ಲಿಯೇ ಕಾನೂನು ಆಯೋಗ ಅದನ್ನು ಕೈಬಿಡುವಂತೆ ಶಿಫಾರಸು ಮಾಡಿತ್ತು. 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ ಎಂಟಕ್ಕೆ ಒಂದು ಮತದಿಂದ ಆರೋಪಿ ನಿರ್ದೋಷಿಯೆಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಅಲ್ಲಿ ನೀಡಲಾದ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಎಂದು ಹೇಳುವುದುಂಟಾದರೂ ಅದು ಸರಿಯಲ್ಲ. ಪದ್ಧತಿ ಪೂರ್ಣವಾಗಿ ಮರೆಯಾದದ್ದು 1973ರ ದಂಡಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ. ಪಾರ್ಸಿ ಬಂಧುಗಳ ವಿವಾಹ ನ್ಯಾಯಾಲಯಗಳಲ್ಲಿ ಮಾತ್ರ ಸಮುದಾಯದ ಪ್ರತಿನಿಧಿಗಳು ನ್ಯಾಯಾಧೀಶರಿಗೆ ನೆರವಾಗುವ ಕ್ರಮವನ್ನು 1936ರ ಪಾರ್ಸಿ ವಿವಾಹ ಕಾಯಿದೆ ಉಳಿಸಿಕೊಂಡು ಬಂದಿತು.

ಪ್ರಶ್ನೆಗಳ ಜರಡಿ

ಕರೆದ ದಿನ ದೊಡ್ಡ ಕೋಣೆಯೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕುಳಿತಿದ್ದೆವು. ಕೂಲಿಕಾರ, ವೈದ್ಯೆ, ಕಾಲೇಜು ಹುಡುಗ, ನಿವೃತ್ತ ಸೈನಿಕ, ಎಲ್ಲರ ಎದೆಯ ಮೇಲೂ ಒಂದೇ ಬಗೆಯ ಚೀಟಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ಸಂಖ್ಯೆ ಕೂಗಿದರು. ನ್ಯಾಯಾಂಗಣದೊಳಗೆ ನ್ಯಾಯಾಧೀಶರೂ ಇಬ್ಬರು ವಕೀಲರೂ ಒಬ್ಬೊಬ್ಬರನ್ನಾಗಿ ಪ್ರಶ್ನಿಸಿದರು. ಪೂರ್ವಗ್ರಹವುಳ್ಳವರನ್ನು ನ್ಯಾಯಾಧೀಶರು ಬಿಡುಗಡೆ ಮಾಡುತ್ತಾರೆ. ಕಾರಣ ಹೇಳದೆ ಕೆಲವರನ್ನು ಕೈಬಿಡುವ ಹಕ್ಕು ವಕೀಲರಿಗೂ ಇದೆ. ಆದರೆ ಜನಾಂಗವನ್ನು ನೋಡಿ ಹಾಗೆ ಮಾಡಕೂಡದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ತೀರ್ಮಾನಿಸಿದೆ.

"ಪೊಲೀಸರು ಹಿಡಿದಿದ್ದಾರೆಂದ ಮೇಲೆ ಏನೋ ಇದ್ದೇ ಇರಬೇಕು ಎಂದು ತಮಗನ್ನಿಸುತ್ತದೆಯೆ?" ಎಂದು ಪ್ರತಿವಾದಿಯ ವಕೀಲರು ನಮ್ಮನ್ನು ಕೇಳಿದರು. ಹೌದು, ಬೆಂಕಿಯಿಲ್ಲದೆ ಹೊಗೆಯಾಡದೆಂದು ನಂಬಿಯೇ ಬೆಳೆದವರು ನಾವು. ಹಾಗೆಯೇ ಒಪ್ಪಿಕೊಂಡೆವು. ಆ ಭಾವನೆಯನ್ನು ಬದಿಗಿಟ್ಟು ಸಾಕ್ಷ್ಯವನ್ನಷ್ಟೇ ತೂಗಬಲ್ಲಿರಾ ಎಂದು ನ್ಯಾಯಾಧೀಶರು ಕೇಳಿದರು. ಪ್ರಯತ್ನಿಸುವೆವೆಂದೆವು. ಮನೆಗೆ ಕಳುಹಿಸುವರೆಂದುಕೊಂಡಿದ್ದರೆ, ಹನ್ನೆರಡು ಮಂದಿಯಲ್ಲಿ ನಮ್ಮನ್ನೂ ಸೇರಿಸಿದರು.

ಪ್ರಕರಣ ದೊಡ್ಡದಲ್ಲ. ಅಂಗಡಿಯೊಂದರ ವಾಹನ ನಿಲುಗಡೆಯಲ್ಲಿ ಮುಸ್ಸಂಜೆ ವೃದ್ಧೆಯೊಬ್ಬರನ್ನು ನೂಕಿ ಕೈಚೀಲ ಕಸಿದುಕೊಂಡು ಹೋದ ಪ್ರಸಂಗ. ಹನ್ನೊಂದು ದಿನಗಳ ಬಳಿಕ ಪೊಲೀಸರು ತೋರಿಸಿದ ಆರು ಭಾವಚಿತ್ರಗಳಲ್ಲಿ ಒಂದನ್ನು ಆಕೆ ಬೆರಳಿಟ್ಟು ತೋರಿಸಿದ್ದರು. ಆ ಚಿತ್ರದ ತರುಣ ನಮ್ಮೆದುರು ದೊಗಲೆ ಕೋಟು ತೊಟ್ಟು ತಲೆತಗ್ಗಿಸಿ ಕುಳಿತಿದ್ದ. ಕೈಚೀಲ ಸಿಕ್ಕಿರಲಿಲ್ಲ, ಬೇರೆ ಸಾಕ್ಷಿಗಳೂ ಇರಲಿಲ್ಲ. ಆರೋಪಿ ಬಾಯಿ ಬಿಡಲಿಲ್ಲ. ಅವನ ಮೌನವನ್ನು ಅವನ ವಿರುದ್ಧ ಎಣಿಸಕೂಡದೆಂದು ನ್ಯಾಯಾಧೀಶರು ತಿಳಿಸಿದರು. ಶಿಕ್ಷೆಯ ಯೋಚನೆಯೂ ನಮಗೆ ಸಲ್ಲದು. ಆರೋಪ ಸಂದೇಹಾತೀತವಾಗಿ ಸಾಬೀತಾಯಿತೇ ಇಲ್ಲವೇ ಎಂಬುದಷ್ಟೇ ನಮ್ಮ ಪ್ರಶ್ನೆ.

ನಾಲ್ಕು ದಿನಗಳ ವಿಚಾರಣೆಯಲ್ಲಿ ಅತ್ಯಂತ ಕಷ್ಟವಾದುದು ಮೌನ. ಪ್ರಕರಣದ ಬಗೆಗೆ ಮನೆಯವರೊಡನೆಯೂ ಮಾತಾಡುವಂತಿಲ್ಲ, ಘಟನಾಸ್ಥಳಕ್ಕೆ ಹೋಗುವಂತಿಲ್ಲ, ಅಂತರ್ಜಾಲದಲ್ಲಿ ಹುಡುಕುವಂತಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಮನೆಯಾಕೆ ಹವಾಮಾನದ ವಿಷಯ ಮಾತಾಡುತ್ತಿದ್ದರು, ನಾವು ಹೂಂಗುಟ್ಟುತ್ತಿದ್ದೆವು.

ಮುಚ್ಚಿದ ಬಾಗಿಲ ಹಿಂದೆ

ಐದನೆಯ ದಿನ ಹನ್ನೆರಡು ಮಂದಿಯನ್ನು ಒಂದು ಕೋಣೆಗೆ ಕಳುಹಿಸಿ ಬಾಗಿಲು ಮುಚ್ಚಿದರು. ಚೀಟಿಯಲ್ಲಿ ಬರೆದು ಮೊದಲ ಮತ ಹಾಕಿದೆವು. ಅಪರಾಧಿಯೆಂದವರು ಎಂಟು, ಅಲ್ಲವೆಂದವರು ನಾಲ್ಕು. ಎಂಟರಲ್ಲಿ ನಾವೂ ಇದ್ದೆವು. ಕಾರಣವನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಕೈ ನಡುಗಿಸುತ್ತ ಸಾಕ್ಷಿ ನುಡಿದ ಆ ವೃದ್ಧೆ ನಮ್ಮ ತೀರಿಹೋದ ತಾಯಿಯನ್ನು ಹೋಲುತ್ತಿದ್ದರು. ಅಂಥವರು ಸುಳ್ಳಾಡಲಾರರೆಂದು ನಾವು ವಾದಿಸಿದೆವು.

ಬಸ್ಸು ಚಾಲಕರೊಬ್ಬರು ಮೆಲ್ಲನೆ ಕೇಳಿದರು: "ಆಕೆ ಸುಳ್ಳು ಹೇಳಿದರೆಂದು ಯಾರೂ ಹೇಳುತ್ತಿಲ್ಲ. ಆಕೆಗೆ ತಪ್ಪಾಗಿರಬಹುದೇ ಎಂಬುದು ಪ್ರಶ್ನೆ." ಬಳಿಕ ತಮ್ಮ ಟಿಪ್ಪಣಿಯನ್ನು ಓದಿದರು. ಕಳ್ಳ ಟೋಪಿ ಹಾಕಿದ್ದ. ಮುಖ ಕಂಡದ್ದು ಮೂರು ನಾಲ್ಕು ಸೆಕೆಂಡು, ಅದೂ ಅವನು ಓಡುತ್ತ ಹಿಂದಿರುಗಿ ನೋಡಿದಾಗ, ನಲವತ್ತು ಅಡಿಗಳಾಚೆಯಿಂದ. ಆ ಬದಿಯ ದೀಪ ಕೆಟ್ಟಿತ್ತೆಂದು ಅಂಗಡಿಯ ನೌಕರನೇ ಹೇಳಿದ್ದ. ಆಗ ನಮ್ಮ ಊರಿನ ಗಾದೆ ನೆನಪಾಯಿತು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಕಣ್ಣಾರೆ ಕಂಡದ್ದನ್ನೇ ಹಾಗೆ ನೋಡಬೇಕಾದರೆ, ಇನ್ನೊಬ್ಬರು ಕಂಡುದನ್ನು ಎಷ್ಟು ನೋಡಬೇಡ!

ಎರಡು ದಿನ ಚರ್ಚೆ ನಡೆಯಿತು. ದನಿ ಏರಿತು, ಒಬ್ಬಾಕೆ ಅತ್ತರು. ತೀರ್ಪು ಸರ್ವಾನುಮತದ್ದಾಗಿರಲೇಬೇಕಾದುದರಿಂದ ಯಾರೂ ಸಂಖ್ಯಾಬಲದ ಹಿಂದೆ ಅಡಗುವಂತಿರಲಿಲ್ಲ. ಎರಡನೆಯ ದಿನದ ಸಂಜೆಗೆ ಹನ್ನೆರಡೂ ಚೀಟಿಗಳು ಒಂದಾದವು.

ತೀರ್ಪು ಓದಿದ ಬಳಿಕ, ಇದು ನಿಮ್ಮ ತೀರ್ಪೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ಹೌದೆನ್ನುವಾಗ ನಮ್ಮ ಗಂಟಲು ಒಣಗಿತ್ತು. ತರುಣ ಮುಖ ಮುಚ್ಚಿಕೊಂಡ. ಹಿಂದಿನ ಸಾಲಿನಲ್ಲಿದ್ದ ವೃದ್ಧೆ ಎದ್ದು, ನಮ್ಮ ಕಡೆ ಒಮ್ಮೆ ನೋಡಿ, ಮಗಳ ತೋಳು ಹಿಡಿದು ಹೊರನಡೆದರು. ಆಕೆ ಸುಳ್ಳಾಡಿದರೆಂದು ನಾವು ಹೇಳಿದೆವೆಂದೇ ಆಕೆ ತಿಳಿದಿರಬೇಕು. ಹಾಗಲ್ಲವೆಂದು ತಿಳಿಸುವ ಮಾರ್ಗ ನಮಗಿರಲಿಲ್ಲ. ಆ ತರುಣ ನಿರಪರಾಧಿಯೋ ಅಲ್ಲವೋ ಎಂಬುದನ್ನೂ ನಾವು ಅರಿಯೆವು. ಸಾಬೀತಾಗಲಿಲ್ಲವೆಂದಷ್ಟೇ ಹೇಳಿದೆವು. ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಿದ್ಧವಾಗಿ ಬಿಡುಗಡೆಯಾದ ಅಮೆರಿಕದ ಕೈದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪ್ರಕರಣಗಳಲ್ಲಿ ಸಾಕ್ಷಿಗಳು ತಪ್ಪಾಗಿ ಗುರುತಿಸಿದ್ದರೆಂಬುದನ್ನು ನಾವು ಓದಿದ್ದು ಆಮೇಲೆ.

ಹೊರಗೆ ಬಂದಾಗ ಮುಸ್ಸಂಜೆ. ವಾಹನಗಳ ಸಾಲಿನಾಚೆ ಯಾರೋ ಕೈಬೀಸುತ್ತಿದ್ದರು. ಯಾರೆಂದು ತಿಳಿಯಲಿಲ್ಲ. ಹತ್ತಿರ ಬಂದ ಮೇಲೆ ಗೊತ್ತಾಯಿತು, ಅದೇ ಬಸ್ಸು ಚಾಲಕರು. ಎರಡು ದಿನ ಒಂದೇ ಮೇಜಿನ ಸುತ್ತ ಎದುರುಬದುರಾಗಿ ಕುಳಿತವರು ನಾವು.

ಭಾರತದಲ್ಲಿರುವ ನಮ್ಮ ಬಂಧುಗಳಿಗೆ ಇಂತಹ ಕರೆಯೋಲೆ ಬರಲಾರದು. ಆದರೆ ತೀರ್ಪು ಕೊಡದ ಮನೆ ಯಾವುದಿದೆ? ಬೆಳಗಿನ ಪತ್ರಿಕೆಯಲ್ಲಿ ಪೊಲೀಸರ ನಡುವೆ ನಿಂತವನ ಚಿತ್ರ ಕಂಡೊಡನೆ, ಕಾಫಿ ಆರುವ ಮೊದಲೇ ನಾವೆಲ್ಲರೂ ತೀರ್ಪು ಬರೆದು ಮುಗಿಸಿರುತ್ತೇವೆ. ಹನ್ನೆರಡು ಮಂದಿ ಏಳು ದಿನ ಕುಳಿತು ಮಾಡಿದ ಕೆಲಸವದು. ಇನ್ನು ಮುಂದೆ ಅಷ್ಟು ಅವಸರ ಪಡಲು ನಮ್ಮಿಂದಂತೂ ಆಗದು.