ನಿಮಗಿದು ಗೊತ್ತೆ? ಹೊಸಕೋಟೆಯ ನಸುಕಿನ ಬಿರಿಯಾನಿ
ಹೊಸಕೋಟೆ ತಾಲ್ಲೂಕಿನ ಕೈಗಾರಿಕಾ ಪ್ರದೇಶವಾದ ಪಿಲ್ಲಗುಂಪೆಯ ಆಸುಪಾಸಿನಲ್ಲಿ ಮಟನ್ ದಮ್ ಬಿರಿಯಾನಿ ಬೆಳಗಿನ ತಿಂಡಿಯೂ ಹೌದು. ಹೊಸಕೋಟೆ ಪಟ್ಟಣದಲ್ಲಿ ಭಾನುವಾರ ಸೂರ್ಯ ಹುಟ್ಟುವ ಮುನ್ನವೇ ಅದಕ್ಕಾಗಿ ಸರತಿ ಸಾಲು ಬೆಳೆದಿರುತ್ತದೆ. ದಮ್ ಎಂಬುದು ಪಾತ್ರೆಯ ಬಾಯಿಯನ್ನು ಭದ್ರವಾಗಿ ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಹರವಿ, ಅಕ್ಕಿ ಮತ್ತು ಮಾಂಸವನ್ನು ಒಳಗಿನ ಹಬೆಯಲ್ಲೇ ಹದವಾಗಿ ಬೇಯಿಸುವ ವಿಧಾನವಾಗಿರುವುದರಿಂದ, ಇನ್ನೂ ಕತ್ತಲಿರುವಾಗಲೇ ಒಲೆ ಹೊತ್ತಿಸಬೇಕಾಗುತ್ತದೆ. ತಿಂದವರು ಅಡ್ಡಾಡಲು ಅವಿಮುಕ್ತೇಶ್ವರ ದೇವಾಲಯದ ಬೀದಿಯೂ ದೊಡ್ಡ ಕೆರೆಯ ಏರಿಯೂ ಇವೆ, ತಿಂದದ್ದು ಕರಗಲು ಅಷ್ಟು ನಡಿಗೆ ಸಾಲದೆಂಬುದು ಬೇರೆ ಮಾತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಈ ಕೆರೆಗೆ ನೀರುಣಿಸುವ ದಕ್ಷಿಣ ಪಿನಾಕಿನಿಯು ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.