ಮೈಯೆಲ್ಲ ನೋವು

ಕನ್ನಡದಲ್ಲಿ ನೋವನ್ನು ಹೇಳುವ ಮಾತುಗಳಿಗೆ ಬಡತನವಿಲ್ಲ. ಚುಚ್ಚುವ ನೋವು, ಸೆಳೆಯುವ ನೋವು, ಸಿಡಿಯುವ ತಲೆ, ಹಿಡಿದುಕೊಂಡ ಸೊಂಟ, ಜೋಮು ಹತ್ತಿದ ಕಾಲು - ಒಂದೊಂದಕ್ಕೂ ಒಂದೊಂದು ಮಾತುಂಟು. ಆದರೆ "ಎಲ್ಲಿ ನೋವು?" ಎಂದು ಕೇಳಿದ ವೈದ್ಯರಿಗೆ "ಮೈಯೆಲ್ಲ" ಎಂದು ಉತ್ತರಿಸುವ ರೋಗಿಯ ಕಷ್ಟವೇ ಬೇರೆ. ರಕ್ತಪರೀಕ್ಷೆಯಲ್ಲಿ ದೋಷವಿಲ್ಲ; ಎಕ್ಸ್‌ರೇ ಚಿತ್ರದಲ್ಲಿ ಮೂಳೆಗಳು ನೆಟ್ಟಗಿವೆ; ಕೀಲುಗಳಲ್ಲಿ ಬಾವಿಲ್ಲ. ಆದರೂ ನೋವು ವರ್ಷಗಟ್ಟಲೆ ಬಿಡದೆ ಕಾಡುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದರೂ ದಣಿವಾರದು. ಮನೆಯವರು ಮೊದಲು ಮರುಗುತ್ತಾರೆ, ಆಮೇಲೆ ಬೇಸರಪಡುತ್ತಾರೆ, ಕೊನೆಗೆ ಅನುಮಾನಿಸುತ್ತಾರೆ. ಈ ವ್ಯಾಧಿಗೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಫೈಬ್ರೊಮಯಾಲ್ಜಿಯ. ಇದೆಂದು ಗುರುತಿಸಲ್ಪಟ್ಟವರಲ್ಲಿ ಹೆಂಗಸರೇ ಹೆಚ್ಚು.

1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಸೊಂಟನೋವನ್ನು ಕುರಿತ ಉಪನ್ಯಾಸವೊಂದರಲ್ಲಿ 'ಫೈಬ್ರೊಸೈಟಿಸ್' ಎಂಬ ಪದವನ್ನು ಬಳಕೆಗೆ ತಂದರು. ಸ್ನಾಯುಗಳ ನಡುವಣ ನಾರಿನಲ್ಲಿ ಉರಿಯೂತವಿದೆ ಎಂಬುದು ಅದರ ಭಾವ. ಮುಂದೆ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಆ ಉರಿಯೂತ ಕಾಣಿಸಲಿಲ್ಲ. ಪದ ಬಿದ್ದುಹೋಯಿತು, ನೋವು ಉಳಿಯಿತು. 1990ರಲ್ಲಿ ಅಮೆರಿಕದ ಸಂಧಿರೋಗತಜ್ಞರು ಒಂದು ಅಳತೆಗೋಲನ್ನು ಗೊತ್ತುಮಾಡಿದರು: ಮೂರು ತಿಂಗಳಾದರೂ ಮೈಯ ಬಹುಭಾಗದಲ್ಲಿ ನೋವಿರಬೇಕು, ನಿಗದಿಯಾದ 18 ತಾಣಗಳನ್ನು ಒತ್ತಿದರೆ 11ರಲ್ಲಾದರೂ ನೋಯಬೇಕು. 2010ರಲ್ಲಿ ಅವರೇ ಈ ಒತ್ತುವ ಪರೀಕ್ಷೆಯನ್ನು ಬಿಟ್ಟು, ನಿದ್ರೆ, ಆಯಾಸ, ಮರೆವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಹಾಗಾದರೆ ದೋಷವಿರುವುದೆಲ್ಲಿ? 1975ರಲ್ಲಿ ಕೆನಡಾದ ಹಾರ್ವೆ ಮೊಲ್ಡೊಫ್ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರ ಗಾಢನಿದ್ರೆಯನ್ನು ಕೆಲವು ರಾತ್ರಿಗಳ ಕಾಲ ಕೆಡಿಸಿ ನೋಡಿದರು. ಅವರಿಗೂ ಇಂಥದೇ ಮೈಕೈನೋವು ತಲೆದೋರಿತು. 2002ರಲ್ಲಿ ಅಮೆರಿಕದ ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು ರೋಗಿಗಳ ಹಾಗೂ ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಒತ್ತಿ, ಅವರ ಮೆದುಳಿನ ಚಿತ್ರಗಳನ್ನು ತೆಗೆದರು. ಆರೋಗ್ಯವಂತರು ಸುಲಭವಾಗಿ ತಾಳಿಕೊಂಡ ಒತ್ತಡಕ್ಕೇ ರೋಗಿಗಳ ಮೆದುಳಿನ ನೋವಿನ ಕೇಂದ್ರಗಳು ಎಚ್ಚೆತ್ತಿದ್ದವು. ಶ್ರೋತೃಗಳ ಮುಂದಿರುವ ರೇಡಿಯೊವನ್ನೇ ನೆನೆಯೋಣ: ನಿಲಯದಿಂದ ಬರುವ ದನಿ ಒಂದೇ, ತಿರುಪನ್ನು ಹೆಚ್ಚಿಗೆ ತಿರುಗಿಸಿದ ಮನೆಯಲ್ಲಿ ಅದೇ ಅಬ್ಬರವಾಗುತ್ತದೆ. ಈ ರೋಗಿಗಳ ನರಮಂಡಲದಲ್ಲಿ ನೋವಿನ ತಿರುಪು ಮೇಲೇರಿ ನಿಂತಿದೆ. ಅಬ್ಬರ ಕಲ್ಪನೆಯದಲ್ಲ, ಕಿವಿಗೆ ಬೀಳುತ್ತಿರುವುದು ನಿಜ.

ಚಿಕಿತ್ಸೆಯ ದಾರಿ ಈ ತಿಳಿವಳಿಕೆಯಿಂದಲೇ ತೆರೆಯುತ್ತದೆ. ಉರಿಯೂತವಿಲ್ಲದ ಕಡೆ ಅದನ್ನು ತಗ್ಗಿಸುವ ಸ್ಟೀರಾಯ್ಡ್ ಏನು ಮಾಡೀತು? ಅಫೀಮಿನ ವರ್ಗದ ಪ್ರಬಲ ಮದ್ದುಗಳನ್ನೂ ತಜ್ಞರು ಬೇಡವೆನ್ನುತ್ತಾರೆ. ನರಮಂಡಲದ ಮೇಲೆ ಕೆಲಸ ಮಾಡುವ ಔಷಧಿಗಳು ಕೆಲವರಿಗೆ ನೆರವಾಗುತ್ತವೆ: ರಾತ್ರಿ ಅಲ್ಪ ಪ್ರಮಾಣದಲ್ಲಿ ಕೊಡುವ ಅಮಿಟ್ರಿಪ್ಟಿಲಿನ್, 2007ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆಂದು ಮಂಜೂರಾದ ಪ್ರಿಗ್ಯಾಬಲಿನ್, ಮರುವರ್ಷ ಮಂಜೂರಾದ ಡ್ಯುಲಾಕ್ಸಿಟಿನ್. ಆದರೆ ಇವುಗಳಿಂದ ಎಲ್ಲರಿಗೂ ಗುಣವಿಲ್ಲ; ನೋವನ್ನು ಬೇರುಸಹಿತ ಕೀಳುವ ಗುಳಿಗೆ ಇವುಗಳಲ್ಲಿ ಒಂದೂ ಇಲ್ಲ.

ಯುರೋಪಿನ ಸಂಧಿರೋಗತಜ್ಞರ ಸಂಘ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಬಲವಾದ ಸಮ್ಮತಿ ದೊರೆತದ್ದು ಒಂದೇ ಒಂದಕ್ಕೆ: ವ್ಯಾಯಾಮಕ್ಕೆ. ಅಮೆರಿಕದ ಬಾಸ್ಟನ್ನಿನಲ್ಲಿ 226 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚೀನದ ಮಂದಗತಿಯ ತಾಯ್‌ಚೀ ಅಭ್ಯಾಸವು ರೂಢಿಯ ವ್ಯಾಯಾಮಕ್ಕೆ ಸಮನಾಗಿ, ಕೆಲವೊಮ್ಮೆ ಮಿಗಿಲಾಗಿ, ಫಲಕೊಟ್ಟಿತು.

ನೋಯುವ ಮೈಗೆ ವ್ಯಾಯಾಮವೆಂದರೆ ಕ್ರೂರವಾಗಿ ಕೇಳಿಸಬಹುದು. ಆದರೆ ಗುಟ್ಟಿರುವುದು ಮೊತ್ತದಲ್ಲಲ್ಲ, ಕ್ರಮದಲ್ಲಿ. ಐದು ನಿಮಿಷದ ನಡಿಗೆಯಿಂದ ಆರಂಭಿಸಿ, ಅದು ಮೈಗೆ ಒಗ್ಗಿದ ಮೇಲೆ ಆರು, ಏಳು ಎಂದು ಏರಬೇಕು. ನೋವು ತಗ್ಗಿದ ದಿನ ವಾರದ ಕೆಲಸವನ್ನೆಲ್ಲ ಮುಗಿಸಿ ಮರುದಿನ ಹಾಸಿಗೆ ಹಿಡಿಯುವುದೂ, ನೋವಿಗೆ ಹೆದರಿ ಕದಲದೆ ಕೂರುವುದೂ ಎರಡೂ ಹಾನಿಯೇ. ಮಲಗುವ, ಏಳುವ ಹೊತ್ತುಗಳನ್ನು ನಿಯತವಾಗಿಡುವುದು, ನೋವಿನೊಡನೆ ಬರುವ ಭಯ, ಖಿನ್ನತೆಗಳಿಗೆ ಮನೋವೈದ್ಯರ ನೆರವು ಪಡೆಯುವುದು ಇದೇ ಚಿಕಿತ್ಸೆಯ ಅಂಗಗಳು. ಫಲ ಕಾಣಲು ವಾರಗಳಲ್ಲ, ತಿಂಗಳುಗಳು ಬೇಕು. ನೋವು ಪೂರ್ತಿ ಅಳಿಯದಿದ್ದರೂ ಕಳೆದುಹೋದ ದಿನಚರಿ ಮರಳಿ ಕೈಸೇರಬಹುದು.

ಇಷ್ಟು ತಿಂಗಳ ತಾಳ್ಮೆ ಒಬ್ಬರೇ ಪಡುವಂಥದಲ್ಲ. ನಡೆದು ಬಂದವಳನ್ನು "ನಡೆಯಲಾಗುತ್ತದಲ್ಲ, ಮತ್ತೆ ನೋವೆಲ್ಲಿ?" ಎಂದು ಕೇಳುವ ಮನೆಯಲ್ಲಿ ಆ ಐದು ನಿಮಿಷ ಆರಾಗುವುದು ಕಷ್ಟ. ಹೇಳಿದ ನೋವನ್ನು ನಂಬುವುದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಮದ್ದು ಅಲ್ಲಿಂದಲೇ ಆರಂಭವಾಗುತ್ತದೆ.