ಲೇತ್ ಚೂರು, ಕ್ರೋಮ್ ನೀರು

ಪೀಣ್ಯದ ಪ್ಲೇಟಿಂಗ್ ಶೆಡ್ಡುಗಳಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಕ್ರೋಮ್ ತೊಟ್ಟಿಯಿಂದ ಎತ್ತಿದ ಸಾಮಾನು ತೊಳೆದ ನೀರು ಹಳದಿಯಾಗಿರುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷದ ಬಣ್ಣ ಅದು. ಕ್ಯಾನ್ಸರಿಗೆ ಕಾರಣವಾಗುತ್ತದೆ, ನೆಲಕ್ಕಿಳಿದರೆ ನೀರಿನ ಜೊತೆ ದೂರ ಹರಿಯುತ್ತದೆ. ಇಲ್ಲಿನ ಅಂತರ್ಜಲದಲ್ಲೂ ಸಿಕ್ಕಿದೆ. ಕೆರೆ, ಹಳ್ಳಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದೆಂಬುದು ನಿಯಮ.

ಅದೇ ರಸ್ತೆಯ ಲೇತ್ ಶೆಡ್ಡುಗಳಲ್ಲಿ ಕಬ್ಬಿಣದ ಸುರುಳಿ ಚೂರು ಗುಜರಿಗೆ ಹೋಗಲು ಕಾದಿರುತ್ತದೆ. ಈ ಚೂರನ್ನು ಆ ಹಳದಿ ನೀರಿಗೆ ಹಾಕಿದರೆ, ನೀರು ಹುಳಿಯಾಗಿದ್ದಾಗ ಕಬ್ಬಿಣ ಕರಗುತ್ತ ಕ್ರೋಮಿಯಂಗೆ ಎಲೆಕ್ಟ್ರಾನ್ ಕೊಡುತ್ತದೆ. ವಿಷದ ಕ್ರೋಮಿಯಂ ಟ್ರೈವೇಲೆಂಟ್ ಎಂಬ ಕಡಿಮೆ ವಿಷದ ರೂಪಕ್ಕೆ ತಿರುಗುತ್ತದೆ, ಹಳದಿ ಮಾಯವಾಗುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ ಅನ್ನು 8–9ರ ಮಟ್ಟಕ್ಕೆ ಏರಿಸಿದರೆ ಕ್ರೋಮಿಯಂ, ಕಬ್ಬಿಣ ಎರಡೂ ತಳಕ್ಕೆ ಕೂರುತ್ತವೆ. ತುಕ್ಕು ತೆಗೆಯಲು ಬಳಸಿ ಬಿಸಾಡುವ ಆಸಿಡ್ಡಿನಲ್ಲೂ ಕರಗಿದ ಕಬ್ಬಿಣವಿರುತ್ತದೆ. ಅದೂ ಈ ಕೆಲಸಕ್ಕೆ ಬರುತ್ತದೆ. ದುಡ್ಡು ಕೊಟ್ಟು ತರುವ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಮಾಡುವುದೂ ಇದನ್ನೇ.

ಅಮೆರಿಕದ ನಾರ್ತ್ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ, ಕೋಸ್ಟ್ ಗಾರ್ಡ್ ನೆಲೆಯ ಪ್ಲೇಟಿಂಗ್ ಶೆಡ್ಡಿನಿಂದ ಸೋರಿದ ಕ್ರೋಮಿಯಂ ನದಿಯತ್ತ ಹರಿಯುತ್ತಿತ್ತು. 1996ರಲ್ಲಿ ಅಡ್ಡಲಾಗಿ 46 ಮೀಟರ್ ಉದ್ದದ ಕಂದಕ ತೋಡಿ ಕಬ್ಬಿಣದ ಚೂರು ತುಂಬಿದರು. ಅದನ್ನು ಹಾಯ್ದು ಬಂದ ನೀರಿನಲ್ಲಿ ವಿಷ ಇಳಿದಿತ್ತು.

ಆದರೆ ಲೇತ್ ಚೂರಿಗೆ ಅಂಟಿದ ಕಟಿಂಗ್ ಆಯಿಲ್ಲನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆಯಲೇಬೇಕು, ಇಲ್ಲವಾದರೆ ಕಬ್ಬಿಣಕ್ಕೆ ನೀರೇ ತಾಕುವುದಿಲ್ಲ. ಸ್ಟೇನ್‌ಲೆಸ್ ಚೂರು ಬೇಡ. ಬಳಸುತ್ತ ಹೋದಂತೆ ಚೂರಿನ ಮೇಲೆ ಪದರ ಕಟ್ಟಿ ಕೆಲಸ ನಿಧಾನವಾಗುತ್ತದೆ, ಆಗ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಸಯನೈಡ್ ತೊಟ್ಟಿಯ ನೀರು ಈ ಹುಳಿ ನೀರಿನ ಹತ್ತಿರಕ್ಕೂ ಬರಕೂಡದು. ಆಸಿಡ್ ತಾಕಿದರೆ ಏಳುವ ಅನಿಲ ನಿಂತಲ್ಲೇ ಜೀವ ತೆಗೆಯುತ್ತದೆ. ಇದನ್ನು ಪ್ರತಿ ಶೆಡ್ಡಿನ ಹುಡುಗರಿಗೂ ನಾನು ಮತ್ತೆ ಮತ್ತೆ ಹೇಳುತ್ತೇನೆ.

ಮೆಟಾಬೈಸಲ್ಫೈಟಿಗಿಂತ ಕಬ್ಬಿಣದ ಈ ವಿಧಾನದಲ್ಲಿ ತಳಕ್ಕೆ ಕೂರುವ ಸ್ಲಡ್ಜ್ ಹೆಚ್ಚು. ಅದೂ ಅಪಾಯಕಾರಿ ತ್ಯಾಜ್ಯವೇ. ಖಾಲಿ ಸೈಟಿಗೆ ಸುರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದು ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೇ ಹೋಗಬೇಕು.

ಶೆಡ್ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೆ: ಹಳದಿ ಹೋಯಿತೆಂದು ವಾಲ್ವ್ ತಿರುಗಿಸಬೇಡಿ. ಕಣ್ಣಿಗೆ ಕಾಣದಷ್ಟು ವಿಷವೂ ಮಿತಿ ಮೀರಿರಬಹುದು. ಆಸಿಡ್ ಹಾಕಿದ ಮಾದರಿಗೆ ಡೈಫಿನೈಲ್ ಕಾರ್ಬಜೈಡ್ ಬೆರೆಸಿ ನೋಡಿ. ನೇರಳೆ ಬಂದರೆ ನೀರನ್ನು ಮತ್ತೆ ಚೂರಿನ ತೊಟ್ಟಿಗೇ ಹಾಕಿ.